ಬೋರಲು ಕೊಡದ ಗೌರಿ

ದೀಪ ಹಚ್ಚಿದ್ದಾಯಿತು, ಹೂ ಏರಿಸಿದ್ದಾಯಿತು, ಅಕ್ಷತೆ ಎಲ್ಲರ ಕೈಗೂ ಬಂತು. ಕಥೆ ಮುಗಿಯುವ ತನಕ ಯಾರೂ ಅಕ್ಷತೆ ಬಾಯಿಗೆ ಹಾಕಿಕೊಳ್ಳಬಾರದು. ನಂಜುಂಡು ಮಾವ, ನಿಮಗೇ ಹೇಳಿದ್ದು.

ಮೊದಲು ಒಂದು ಒಗಟು. ನಮ್ಮ ಮನೆಯಲ್ಲೇ ಹುಟ್ಟಿದವಳು, ನಾವೇ ಹೂವು ಅರಿಶಿನ ಹಾಕಿ ಸಾಕಿದವಳು, ಕರೆಯದೆ ಊಟಕ್ಕೆ ಬರುವವಳು, ಉಂಡ ಮನೆಗೇ ಬೆಂಕಿಯಿಟ್ಟು ಹೋಗುವವಳು, ಇಷ್ಟಾದರೂ ನಾವು ಪಾಪ ಕಟ್ಟುವುದು ಮಾತ್ರ ಪಕ್ಕದ ಮನೆಯವರ ತಲೆಗೆ. ಅವಳು ಯಾರು? ಸೊಸೆ ಅಂತ ಗೊಣಗಿದವರು ಯಾರೋ ನನಗೆ ಗೊತ್ತು. ಸೊಸೆ ಈ ಮನೆಯಲ್ಲಿ ಹುಟ್ಟಿದವಳಲ್ಲ. ಮಗಳು ಅಂದವರಿಗೆ ಇವತ್ತು ಕೋಸಂಬರಿ ಅರ್ಧ ಸೌಟು. ಬಿಡಿ, ನಿಮ್ಮಿಂದ ಆಗುವ ಮಾತಲ್ಲ. ತುಂಬುಪುರದ ರಾಣಿಯಿಂದಲೂ ಆಗಲಿಲ್ಲ, ಅದಕ್ಕೇ ಈ ಕಥೆ ಹುಟ್ಟಿತು.

ಹಿಂದೆ ತುಂಬುಪುರವೆಂಬ ಪಟ್ಟಣವಿದ್ದು, ಅದರ ಅರಸನು ದಂಡಿನ ಜೊತೆ ದೂರದೇಶಕ್ಕೆ ಹೋಗಿರಲಾಗಿ, ಊರಿನ ಸಮಸ್ತ ಆಡಳಿತವೂ ಅವನ ರಾಣಿಯಾದ ಪೂರ್ಣಾಂಬಿಕೆಯ ಕೈಯಲ್ಲಿತ್ತು. ಈಕೆ ಮದುವೆಯಾಗಿ ಬಂದು ಅರಮನೆಯ ಹೊಸ್ತಿಲು ದಾಟಿದ ಗಳಿಗೆಗೇ ಮಳೆ ಸುರಿದು, ಅಂಗಳದಲ್ಲಿಟ್ಟ ಹಂಡೆಯು ತಾನೇ ತುಂಬಿಕೊಂಡಿತಂತೆ. ಆಸ್ಥಾನದ ಜೋಯಿಸನಾದ ಚಂಗಪ್ಪಯ್ಯನು ಅದನ್ನು ನೋಡಿ, ತಾಯಿಯವರ ಭಾಗ್ಯವೆಲ್ಲ ತುಂಬಿದ ಪಾತ್ರೆಯಲ್ಲಿದೆ, ಪಾತ್ರೆ ಬರಿದಾದರೆ ಭಾಗ್ಯವೂ ಬರಿದು ಎಂದು ಹೇಳಿ, ಜರಿಯ ಶಾಲು ಹೊದಿಸಿಕೊಂಡು ಮನೆಗೆ ಹೋದನು. ಮಳೆಗಾಲದಲ್ಲಿ ಅಂಗಳದಲ್ಲಿಟ್ಟ ಹಂಡೆ ತುಂಬದೆ ಇನ್ನೇನು ಮಾಡುತ್ತದೆ ಅಂತ ಆ ಸಭೆಯಲ್ಲಿ ಒಬ್ಬರೂ ಕೇಳಲಿಲ್ಲ.

ಅಂದಿನಿಂದ ರಾಣಿಯು ಪ್ರತಿ ವರ್ಷವೂ ಮೃಗಶಿರ ಮಳೆ ಹಿಡಿದ ಕೂಡಲೇ ಡಂಗುರ ಸಾರಿಸುವಳು. ಮನೆಮನೆಯ ಬಾಗಿಲಿಗೂ ತುಂಬಿದ ಹಂಡೆ ಇರತಕ್ಕದ್ದು, ಅದಕ್ಕೆ ದಿನಾ ಹೂವು ಅರಿಶಿನ ಹಾಕತಕ್ಕದ್ದು, ನೀರು ಕಡಿಮೆಯಾದರೆ ಮೇಲಿನಿಂದ ಹೊಯ್ಯತಕ್ಕದ್ದು, ಚೆಲ್ಲಕೂಡದು, ಬೋರಲು ಹಾಕಲೇಕೂಡದು. ಹೀಗಾಗಿ ಜನರು ಹಂಡೆ ತುಂಬಿದರು, ಕೊಡ ತುಂಬಿದರು, ಭಯಕ್ಕೆ ಒಡಕು ಮಡಕೆಯಲ್ಲೂ ತೆಂಗಿನ ಚಿಪ್ಪಿನಲ್ಲೂ ನಿಂತ ನೀರನ್ನು ಹಾಗೆಯೇ ಬಿಟ್ಟರು. ಮೇಲೆ ಸೇವಂತಿಗೆ ತೇಲುತ್ತಿದ್ದುದರಿಂದ ಒಳಗೆ ಏನಿದೆ ಅಂತ ಬಗ್ಗಿ ನೋಡಿದವರಿಲ್ಲ. ಸಾಯಂಕಾಲ ಊರಿನ ತುಂಬ ಗುಂಯ್ ಎಂದು ನಾದ ಎದ್ದರೆ, ಲಕ್ಷ್ಮಿಯು ತಂಬೂರಿ ಮೀಟುತ್ತಿದ್ದಾಳೆ ಎಂದು ಜೋಯಿಸನು ಹೇಳಿದನು. ಜನರು ಮೈ ಕೆರೆದುಕೊಂಡು ಕೈಮುಗಿದರು.

ಹೀಗಿರಲು ಒಂದು ವರ್ಷ ಪುನರ್ವಸು ಮಳೆಯಲ್ಲಿ ನೇಕಾರರ ಕೇರಿಗೆ ಜ್ವರ ಬಂತು. ಎಂಥ ಜ್ವರವೆಂದರೆ, ಎಲುಬೆಲ್ಲ ಒನಕೆಯಲ್ಲಿ ಕುಟ್ಟಿದ ಹಾಗೆ, ಕಣ್ಣಿನ ಹಿಂದೆ ಕೆಂಡ ಇಟ್ಟ ಹಾಗೆ, ಮೈಮೇಲೆ ಕೆಂಪು ಗಂಧೆ. ಮಗ್ಗಗಳು ನಿಂತವು. ಸುದ್ದಿಯು ಅರಮನೆಗೆ ಹೋಗಲಾಗಿ, ಕೇರಿಯವರಿಗೆ ಭಕ್ತಿ ಸಾಲದು, ಇನ್ನೂ ನಾಲ್ಕು ಕೊಡ ಹೆಚ್ಚು ತುಂಬಲಿ ಎಂದು ರಾಣಿಯು ಅಪ್ಪಣೆ ಕೊಡಿಸಿದಳು. ನನಗೆ ಹೊಟ್ಟೆ ಉರಿಯುವುದೇ ಇಲ್ಲಿ. ಮಲಗಿದವನ ತಲೆದಿಂಬಿನ ಹತ್ತಿರ ನೀರು ತಂದಿಡಿ ಅಂತಲ್ಲ, ವೈದ್ಯನನ್ನು ಕಳಿಸಿ ಅಂತಲ್ಲ, ಕೊಡ ತುಂಬಲಿ ಅಂತೆ. ಕೇರಿಯವರೂ ತುಂಬಿದರು. ಮರುವಾರ ಕೇರಿಯಿಂದ ಹೊರಟ ಚಟ್ಟಗಳಿಗೆ ಹೆಗಲು ಕೊಡಲು ಪಕ್ಕದ ಕೇರಿಯವರು ಬರಬೇಕಾಯಿತು.

ಆ ಶುಕ್ರವಾರ ಪೂರ್ಣಾಂಬಿಕೆಯು ಮಗಳಾದ ಪದುಮಲೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಲ್ಲಕ್ಕಿಯಲ್ಲಿ ಗುಡಿಗೆ ಹೊರಟಿರಲು, ಎದುರಿಗೆ ಒಬ್ಬ ಮುದುಕಿಯು ಬರಿಗೊಡವನ್ನು ಸೊಂಟದ ಮೇಲಿಟ್ಟುಕೊಂಡು ಬಂದಳು. ಬರಿಗೊಡ ಎದುರಾದರೆ ಹೋದ ಕೆಲಸ ಕೆಟ್ಟಿತೆಂದು ನಮಗೆಲ್ಲ ಗೊತ್ತಲ್ಲ, ಬೋಯಿಗಳು ಪಲ್ಲಕ್ಕಿಯನ್ನು ಅಲ್ಲೇ ಇಳಿಸಿಬಿಟ್ಟರು. ಜೋಯಿಸನು ಅಪಶಕುನವೆಂದು ತಲೆ ಚಚ್ಚಿಕೊಂಡನು. ಮುದುಕಿಯನ್ನು ಕೋಟೆಯಿಂದ ಆಚೆಗೆ ದಬ್ಬಬೇಕೆಂದು ರಾಣಿಯ ಅಪ್ಪಣೆಯಾಯಿತು. ಮುದುಕಿ ಹೆದರಲಿಲ್ಲ.

"ಬರಿಗೊಡ ಕಂಡರೆ ಬೆಚ್ಚುತ್ತೀಯಲ್ಲೇ ತಾಯಿ, ತುಂಬಿದ ಕೊಡದೊಳಗೆ ಒಂದು ಸಲವಾದರೂ ಬಗ್ಗಿ ನೋಡಿದ್ದೀಯಾ?" ಎಂದಳು.

ರಾಣಿ ನೋಡಿರಲಿಲ್ಲ. ನೋಡದವರಿಗೆ ಹಾಗೆ ಕೇಳಿದರೆ ಕೋಪ ಹೆಚ್ಚು. ಮುದುಕಿಯನ್ನು ಎಳೆದುಕೊಂಡು ಹೋಗಿ ಕೋಟೆಯಾಚೆಯ ಹಾಳು ಮಂಟಪದ ಹತ್ತಿರ ಬಿಟ್ಟು ಬಂದರು.

ಅಲ್ಲಿಗೆ ವಾರ ತುಂಬುವ ಮೊದಲೇ ಪದುಮಲೆಗೆ ಜ್ವರ ಬಂತು. ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದ ಮಗು ನಡುವೆಯೇ ಕೂತುಕೊಂಡು, ಅವ್ವಾ ಕಾಲು ನನ್ನದಲ್ಲ ಅಂತ ಹೇಳಿತಂತೆ. ಆಗ ಅರಮನೆಯಲ್ಲಿ ಓಡಾಟವೇ ಓಡಾಟ. ನೇಕಾರರ ಮಕ್ಕಳಿಗೆ ಬಂದಾಗ ಭಕ್ತಿಯ ಕೊರತೆಯಾಗಿದ್ದದ್ದು, ರಾಜಕುವರಿಗೆ ಬಂದಾಗ ಗ್ರಹಚಾರವಾಯಿತು. ಚಂಗಪ್ಪಯ್ಯನು ಮೈಗೆಲ್ಲ ಬೇವಿನೆಣ್ಣೆ ಬಳಿದುಕೊಂಡು ಬಂದು (ಯಾಕೆ ಬಳಿದುಕೊಂಡ ಅಂತ ಯಾರೂ ಕೇಳಲಿಲ್ಲ, ಅದೂ ನನ್ನ ಸಿಟ್ಟು), ಕವಡೆ ಹಾಕಿ, ಮಗುವಿನ ಮಂಚದ ಸುತ್ತ ಬೆಳ್ಳಿಯ ಕಲಶಗಳನ್ನು ಅಂಗಳದ ಹಂಡೆಯ ನೀರಿನಿಂದಲೇ ತುಂಬಿಸಿ ಸಾಲಾಗಿ ಇಡಿಸಿದನು. ಮಗುವಿನ ಜ್ವರ ಬಿಟ್ಟಿತು. ಎಲ್ಲರೂ ಕಲಶದ ಮಹಿಮೆ ಎಂದರು. ಆದರೆ ಜ್ವರ ಬಿಟ್ಟ ಮೇಲೆಯೇ ಮಗುವಿಗೆ ಹೊಟ್ಟೆನೋವು ಹೆಚ್ಚಿತು, ವಾಂತಿ ನಿಲ್ಲಲಿಲ್ಲ, ವಸಡಿನಲ್ಲಿ ರಕ್ತ ಕಂಡಿತು, ಕೈಕಾಲು ತಣ್ಣಗಾಯಿತು.

ಮಗು ಮಲಗಿದಲ್ಲಿಂದ ಪಕ್ಕದ ಕಲಶವನ್ನೇ ನೋಡುತ್ತಿತ್ತು. ಮಲಗಿದವರಿಗೆ ಬೇರೆ ಏನು ಕಾಣುತ್ತದೆ?

"ಅವ್ವಾ, ಇದರೊಳಗೆ ಹುಳ ಕುಣೀತಾ ಇವೆ," ಎಂದಿತು.

ಆಗ ಪೂರ್ಣಾಂಬಿಕೆಯು ಹುಟ್ಟಿದ ಮೇಲೆ ಮೊದಲ ಸಲ ಹೂವು ಸರಿಸಿ ಬಗ್ಗಿ ನೋಡಿದಳು. ಕಲಶದ ತುಂಬ ದಾರದ ತುಂಡಿನಂಥ ಹುಳಗಳು ತಲೆ ಕೆಳಗಾಗಿ ನೇತಾಡುತ್ತ, ನೆರಳು ಬಿದ್ದೊಡನೆ ಡೊಂಕು ಡೊಂಕಾಗಿ ತಳಕ್ಕಿಳಿಯುತ್ತ ಇದ್ದವು. ಅವಳು ನೋಡುತ್ತಿದ್ದಂತೆಯೇ ಒಂದರ ಬೆನ್ನು ಸೀಳಿ, ಒಳಗಿಂದ ಬಿಳಿ ಪಟ್ಟೆಕಾಲಿನ ಸೊಳ್ಳೆಯೊಂದು ಎದ್ದು, ನೀರಿನ ಮೇಲೆ ನಿಂತು ರೆಕ್ಕೆ ಆರಿಸಿಕೊಂಡು, ಹಾರಿ ಹೋಗಿ ಪದುಮಲೆಯ ಕೆನ್ನೆಯ ಮೇಲೆ ಕೂತಿತು. ಒಗಟು ಬಿಡಿಸಿದ ಹಾಗಾಯಿತಲ್ಲ? ಮನೆಯಲ್ಲೇ ಹುಟ್ಟಿದವಳು, ಹೂವು ಅರಿಶಿನ ಹಾಕಿ ಸಾಕಿದವಳು. ಕಚ್ಚುವುದು ಹೆಣ್ಣು ಸೊಳ್ಳೆಯೇ, ಸೊಸೆಯ ಮೇಲೆ ಹಾಕಿದವರು ಈಗ ತಲೆ ತಗ್ಗಿಸಿ.

ರಾಣಿಯು ಪಲ್ಲಕ್ಕಿಯನ್ನು ಕರೆಯಲಿಲ್ಲ. ಬರಿಗಾಲಲ್ಲಿ ಹಾಳು ಮಂಟಪಕ್ಕೆ ಓಡಿ, ಮುದುಕಿಯ ಕಾಲು ಹಿಡಿದುಕೊಂಡಳು. ಮುದುಕಿಯಾಗಿ ಬಂದಿದ್ದವಳು ಸಾಕ್ಷಾತ್ ಗೌರಿಯೇ ಎಂದು ಬಲ್ಲವರು ಹೇಳುತ್ತಾರೆ. ಅವಳು ಅಭಯಹಸ್ತ ತೋರಲಿಲ್ಲ, ಚೆನ್ನಾಗಿ ಬೈದಳು. ಆಮೇಲೆ ವ್ರತದ ಕ್ರಮವನ್ನು ಹೇಳಿದಳು.

ಅದು ಹೇಗೆಂದರೆ: ಮಳೆ ಹಿಡಿದಂದಿನಿಂದ ಮಳೆ ಬಿಟ್ಟು ಭೂಮಿ ಒಣಗುವ ತನಕ, ಶುಕ್ರವಾರ ಶುಕ್ರವಾರ ಬೆಳಗ್ಗೆ ಮನೆಯ ನೀರಿನ ಪಾತ್ರೆಗಳನ್ನೆಲ್ಲ ಬರಿದು ಮಾಡತಕ್ಕದ್ದು. ನೀರನ್ನು ಒಣನೆಲಕ್ಕೇ ಚೆಲ್ಲತಕ್ಕದ್ದು. ಬರಿದು ಮಾಡಿದರೆ ಸಾಲದು, ಸೊಳ್ಳೆಯ ಮೊಟ್ಟೆಯು ಪಾತ್ರೆಯ ಒಳಗೋಡೆಗೆ ಅಂಟಿರುವುದರಿಂದ ತೆಂಗಿನ ನಾರು, ಬೂದಿ ಹಾಕಿ ತಿಕ್ಕಬೇಕು, ಬೋರಲು ಹಾಕಿ ಬಿಸಿಲಿಗೆ ಒಣಗಿಸಬೇಕು. ಮತ್ತೆ ತುಂಬಿದ ಮೇಲೆ ಬಾಯಿಗೆ ಬಿಗಿಯಾಗಿ ಬಟ್ಟೆ ಕಟ್ಟಬೇಕು. ಕುಡಿಯುವ ನೀರು ಕುದಿದು ಆರಿದ್ದಾಗಿರಬೇಕು. ಹಿತ್ತಲಿನ ಚಿಪ್ಪು, ಒಡೆದ ಮಡಕೆ, ತುಳಸಿಕುಂಡದ ಕೆಳಗಿನ ತಟ್ಟೆ, ಯಾವುದನ್ನೂ ಮರೆಯಬಾರದು. (ಗೌರಿಯ ಕಾಲದಲ್ಲಿ ಹಳೇ ಟೈರು, ಕೂಲರು, ಫ್ರಿಜ್ಜಿನ ಹಿಂದಿನ ತಟ್ಟೆ ಇರಲಿಲ್ಲ, ಇದ್ದಿದ್ದರೆ ಮೊದಲು ಅವನ್ನೇ ಹೇಳುತ್ತಿದ್ದಳು.) ಈ ಪಟ್ಟೆಕಾಲಿನವಳು ಹಗಲಲ್ಲಿ ಕಚ್ಚುವವಳಾದ್ದರಿಂದ, ಜ್ವರ ಬಂದವರನ್ನು ಹಗಲಲ್ಲೂ ಸೊಳ್ಳೆಪರದೆಯೊಳಗೆ ಮಲಗಿಸಬೇಕು. ಗಂಜಿ ತಿಳಿ, ಎಳನೀರು ಗುಟುಕು ಗುಟುಕಾಗಿ ಕುಡಿಸಬೇಕು. ಕಂಡಕಂಡವರು ಕೊಟ್ಟ ನೋವಿನ ಗುಳಿಗೆ ನುಂಗಿಸಬಾರದು, ಜ್ವರ ಬಂದ ದಿನವೇ ವೈದ್ಯನ ಹತ್ತಿರ ಹೋಗಬೇಕು. ಜ್ವರ ಬಿಟ್ಟಿತೆಂದು ಮೈಮರೆಯಬಾರದು, ಬಿಟ್ಟ ಮೇಲೆ ಹೊಟ್ಟೆನೋವೋ ವಾಂತಿಯೋ ರಕ್ತವೋ ಕಂಡರೆ ದೇವರ ಮನೆಗೆ ಓಡುವುದಲ್ಲ, ವೈದ್ಯನ ಮನೆಗೆ ಓಡುವುದು. ಇಷ್ಟಾದ ಮೇಲೆ ಒಣಗಿದ ಕೊಡವೊಂದನ್ನು ಬೋರಲು ಇಟ್ಟು, ಅದರ ತಳಕ್ಕೆ ಕಾಡಿಗೆಯಿಂದ ಕಣ್ಣು ಬರೆದು, ಕುಂಕುಮವಿಟ್ಟು ಪೂಜಿಸತಕ್ಕದ್ದು.

ಇದನ್ನು ಕೇಳಿದ ರಾಣಿಯು ಮುದುಕಿಯ ಬರಿಗೊಡವನ್ನೇ ತನ್ನ ಸೊಂಟಕ್ಕಿಟ್ಟುಕೊಂಡು ಪಟ್ಟಣದ ನಡುಬೀದಿಯಲ್ಲಿ ಬಂದಳು. ಶಕುನ ಕೆಟ್ಟಿತೆಂದು ಜನರು ಪಟಪಟನೆ ಬಾಗಿಲು ಹಾಕಿಕೊಂಡರು. ತಾನೇ ಕಲಿಸಿದ ಪಾಠ, ತನ್ನ ಮುಖಕ್ಕೇ ಬಾಗಿಲು. ಅರಮನೆಯ ಮೆಟ್ಟಿಲಿನಲ್ಲಿ ಜೋಯಿಸನು ಅಡ್ಡ ಬಂದು, ತಾಯಿ ಭಾಗ್ಯ ಚೆಲ್ಲಬೇಡಿ ಎಂದು ಕೈಮುಗಿದನು.

"ಚಂಗಪ್ಪಯ್ಯನವರೇ, ನಿಮ್ಮ ಮೈಗೆ ಸೊಳ್ಳೆ ಮುಟ್ಟದ ಎಣ್ಣೆ, ನನ್ನ ಮಗಳಿಗೆ ಕಲಶವೇ?" ಎಂದು ಕೇಳಿ, ರಾಣಿಯು ತನ್ನ ಮದುವೆಯ ಹಂಡೆಗೆ ಎರಡೂ ಕೈ ಕೊಟ್ಟು ಉರುಳಿಸಿದಳು. ನೀರು ಮೆಟ್ಟಿಲ ಮೇಲೆ ಹರಿದು, ಹುಳಗಳು ಬಿಸಿಗಲ್ಲಿನ ಮೇಲೆ ವಿಲಿವಿಲಿ ಒದ್ದಾಡುವುದನ್ನು ಬಾಗಿಲ ಸಂದಿಯಿಂದ ಜನರು ಕಂಡರು. ಮೊದಲು ನೇಕಾರರ ಕೇರಿಯಿಂದ ದಢಾರ್ ಎಂದು ಒಂದು ಸದ್ದು ಬಂತು, ಆಮೇಲೆ ಊರಿಗೆ ಊರೇ ದಢದಢ ಎಂದಿತು.

ರಾಣಿಯು ಕರೆಸಿದ ವೈದ್ಯನು ಮಂಚದ ಪಕ್ಕದಿಂದ ಏಳಲಿಲ್ಲ, ರಾಣಿಯು ಮಗುವಿನ ಸೊಳ್ಳೆಪರದೆಯಿಂದ ಈಚೆಗೆ ಬರಲಿಲ್ಲ. ಕೆಲವು ದಿನ ಕಳೆದು ಪದುಮಲೆಯು ಕಣ್ಣು ಬಿಟ್ಟು, ಗಂಜಿ ಬೇಡ, ಹುಳಿಯನ್ನ ಕೊಡಿ ಎಂದು ಹಟ ಹಿಡಿದಳು. ಅಂದಿನಿಂದ ತುಂಬುಪುರದಲ್ಲಿ ಸಾಯಂಕಾಲದ ತಂಬೂರಿ ನಿಂತಿತು, ಮಗ್ಗದ ಸದ್ದು ಕೇಳಿತು.

ಈ ಕಥೆಯನ್ನು ಓದಿದವರಿಗೂ ಕೇಳಿದವರಿಗೂ ಅವರ ಮನೆಮಂದಿಗೂ ಪದುಮಲೆಗೆ ದೊರೆತ ಆಯುಸ್ಸು ದೊರೆಯುವುದು. ಕೇಳಿ ಎದ್ದುಹೋಗಿ ಹಿತ್ತಲಿನ ಡ್ರಮ್ಮನ್ನು ಬೋರಲು ಹಾಕಿದವರಿಗೆ ಈಗಲೇ ದೊರೆಯುವುದು. ಕೇಳಿ ಪಾಯಸ ಕುಡಿದು ಮಲಗಿದವರಿಗೆ ಏನು ದೊರೆಯುವುದೆಂದು ನಾನು ಶುಭದಿನದಲ್ಲಿ ಹೇಳಬಾರದು.

ಇನ್ನೊಂದು ಮಾತಿದೆ, ಅಕ್ಷತೆ ಹಾಕುವ ಮೊದಲೇ ಹೇಳಿಬಿಡುತ್ತೇನೆ. ಈ ಕಥೆಯನ್ನು ನನಗೆ ಹೇಳಿದ ದೊಡ್ಡಮ್ಮ, ಊರಿಗೆ ಊರೇ ದಢದಢ ಎಂದಿತು ಅನ್ನುವಲ್ಲಿಗೆ ನಿಲ್ಲಿಸುತ್ತಿದ್ದರು. ಮಗು ಎದ್ದಿತಾ ಅಂತ ಎಷ್ಟು ಸಲ ಕೇಳಿದರೂ ದೀಪದ ಬತ್ತಿ ಮೇಲಕ್ಕೆ ಮಾಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಹುಳಿಯನ್ನ ಕೇಳಿದ್ದು ನಾನು ಕಟ್ಟಿದ್ದು.