ಕೈಯುಳಿದ ಬಂಡೆ

ಕಣಗಲಮರಡಿಯ ಸಂತೆಮಾಳಕ್ಕೆ ಹೋದರೆ, ಹುಣಸೆಹಣ್ಣಿನ ಗಾಡಿಗಳು ನಿಲ್ಲುವ ಕಡೆ ಆನೆ ಮಲಗಿದಂಥ ಕರಿಬಂಡೆಯೊಂದಿದೆ. ಈಗ ಅದರ ನೆರಳಲ್ಲಿ ಕುರಿ ವ್ಯಾಪಾರದವರು ಬುತ್ತಿ ಬಿಚ್ಚುತ್ತಾರೆ. ಮೇಲೆ ಯಾರೋ ಮೆಣಸಿನಕಾಯಿ ಒಣಹಾಕಿರುತ್ತಾರೆ. ಊರವರು ಅದನ್ನು ಕೈಯುಳಿದ ಬಂಡೆ ಎನ್ನುತ್ತಾರೆ. ಬಂಡೆಗೆಲ್ಲಿಯ ಕೈ ಎಂದು ನಗಬೇಡಿ. ಕೈ ಮೋನವ್ವನದು.

ಈ ಮರಡಿಯ ಮೇಲೆ ಕೋಟೆಯಿದ್ದ ಕಾಲ ಅದು. ಕೋಟೆಯೊಳಗೆ ನಾಯಕರ ಟಂಕಸಾಲೆ. ಚಿನ್ನದ ಬಿಲ್ಲೆಯನ್ನು ಉಕ್ಕಿನ ಅಚ್ಚಿನ ಮೇಲಿಟ್ಟು ಸುತ್ತಿಗೆಯ ಒಂದೇಟು ಹಾಕಿದರೆ ವರಹ ಹುಟ್ಟುತ್ತಿತ್ತು. ಅಚ್ಚು ಕೆತ್ತುವ ಮನೆತನದಲ್ಲಿ ಗಂಡುಕೂಸಿಲ್ಲದೆ, ಅಪ್ಪನ ಉಳಿ ಮಗಳು ಮೋನವ್ವನ ಕೈಗೆ ಬಂದಿತ್ತು. ದೊಡ್ಡ ನಾಯಕನ ವರಹವೆಂದರೆ ಕಣ್ಣು ಮುಚ್ಚಿ ಸೆರಗಿಗೆ ಕಟ್ಟಿಕೊಳ್ಳುವಂಥದ್ದು. ಸುತ್ತಲ ಊರುಗಳ ತಾಳಿಯೆಲ್ಲ ಅದನ್ನೇ ಕರಗಿಸಿ ಮಾಡಿದ್ದು. ಅಲ್ಲೊಂದು ಕಟ್ಟಳೆಯೂ ಇತ್ತು. ನಾಯಕ ತೀರಿಕೊಂಡರೆ, ಚಿತೆ ಆರುವುದರೊಳಗೆ ಅವನ ಹೆಸರಿನ ಅಚ್ಚನ್ನು ಈ ಬಂಡೆಯ ಮೇಲೆ ಜನರೆದುರು ಒಡೆಯಬೇಕು. ಸತ್ತವನ ಹೆಸರಲ್ಲಿ ಹಣ ಹುಟ್ಟಬಾರದು.

ದೊಡ್ಡ ನಾಯಕ ತೀರಿಕೊಂಡ. ಮಗ ಚಿಕ್ಕ ನಾಯಕ ಅಪ್ಪನಿಗೆ ಬೆಂಕಿ ಕೊಟ್ಟವನೇ ಟಂಕಸಾಲೆಗೆ ಬಂದು, “ಅಚ್ಚು ಒಡೀಬೇಡ. ಅರ್ಧ ತಾಮ್ರ ಬೆರೆಸಿ ಅಪ್ಪನ ಹೆಸರಲ್ಲೇ ಹೊಡಿ. ಯಾರು ಕೇಳ್ತಾರೆ?” ಎಂದ. ನಂಬಿದವರ ತಾಳಿ ತಾಮ್ರವಾದರೆ ಹೆಣ್ಣುಮಕ್ಕಳ ಶಾಪ ತಟ್ಟುವುದು ಸತ್ತ ಪುಣ್ಯಾತ್ಮನಿಗೆ ಎಂಬುದೊಂದೇ ಮೋನವ್ವನ ತಲೆಯಲ್ಲಿ. ಚಿಕ್ಕ ನಾಯಕ ಅತ್ತ ಹೋಗುತ್ತಲೇ ಅಚ್ಚನ್ನು ಮಡಿಲಿಗೆ ಕಟ್ಟಿ, ಸುತ್ತಿಗೆ ಹೆಗಲಿಗೇರಿಸಿ ನೆಟ್ಟಗೆ ಸಂತೆಗಿಳಿದಳು. ಸುಡುಗಾಡಿನ ಹೊಗೆ ಇನ್ನೂ ಕಾಣುತ್ತಿತ್ತು. ಜನ ನೋಡನೋಡುತ್ತಿದ್ದಂತೆ ಅಚ್ಚು ಎರಡು ಹೋಳಾಯಿತು.

ಸುದ್ದಿ ಕೇಳಿ ಚಿಕ್ಕ ನಾಯಕ ಕುದುರೆಯೇರಿ ಬಂದ. “ಅಂಥದ್ದೇ ಇನ್ನೊಂದು ಕೆತ್ತು. ಇಲ್ಲಾ, ಕೈ ಕೊಡು.”

“ಕೆತ್ತಿ ಕೊಡ್ತೀನಿ ಬುದ್ಧಿ, ನಿಮ್ಮ ಹೆಸರಿಂದು. ಅದಕ್ಕೆ ತಾಮ್ರನಾದ್ರೂ ಬೆರೆಸ್ಕೊಳ್ಳಿ, ಸೀಸನಾದ್ರೂ ಬೆರೆಸ್ಕೊಳ್ಳಿ, ಬಯ್ಯೋರು ನಿಮ್ಮನ್ನೇ ಬಯ್ಯಲಿ. ಅಪ್ಪಾರದ್ದೇ ಬೇಕಂದ್ರೆ ಕೈ ಇಲ್ಲೈತೆ,” ಎಂದು ಮೋನವ್ವ ಬಲಗೈಯನ್ನು ಬಂಡೆಯ ಮೇಲೆ ಚಾಚಿದಳು. ಕಾದ ಕಲ್ಲು ಚುರುಗುಟ್ಟಿದರೂ ಎತ್ತಲಿಲ್ಲ.

ನಾಯಕ ಸನ್ನೆ ಮಾಡಿದ, ಜೊತೆಗೆ ಬಂದಿದ್ದ ತಳವಾರ ಹುಲುಗ ಕತ್ತಿಯೆತ್ತಿದ. ಎತ್ತಿದ್ದನ್ನು ಮೆಲ್ಲಗೆ ಇಳಿಸಿದ. “ನನ್ನ ಮಗಳ ಕೊರಳಾಗಿರೋದು ಈ ಕೈ ಹೊಡೆದ ವರಹ. ನನ್ನಿಂದಾಗಾಕಿಲ್ಲ ಬುದ್ಧಿ.” ಹಿಂದಿನಿಂದ ಎಣ್ಣೆ ಮಾರುವವಳೊಬ್ಬಳು, “ನಾಯಕ್ರೇ ಕಡೀಲಿ ಬಿಡಣ್ಣ. ಉರಿಯೋ ಚಿತೆ ಬಿಟ್ಟು ಬಂದೋರಿಗೆ ಇದೇನು ಮಹಾ,” ಎಂದಳು. ಸಂತೆಗೆ ಸಂತೆಯೇ ಕಿಸಕ್ಕೆಂದಿತು. ಚಿಕ್ಕ ನಾಯಕ ಒಬ್ಬೊಬ್ಬರ ಮುಖ ನೋಡಿದ, ಕುದುರೆ ತಿರುಗಿಸಿದ. ಆಮೇಲೆ ಮೋನವ್ವ ಅವನ ಹೆಸರಿನ ಅಚ್ಚು ಕೆತ್ತಿಕೊಟ್ಟಳು. ತನ್ನ ಹೆಸರಿನ ವರಹಕ್ಕೆ ಗುಲಗಂಜಿಯಷ್ಟು ತಾಮ್ರ ಬೆರೆಸುವ ಧೈರ್ಯ ಅವನಿಗೆ ಕೊನೆತನಕ ಬರಲಿಲ್ಲ ಎನ್ನುತ್ತಾರೆ.

ಕೋಟೆ ಬಿದ್ದು ಎಷ್ಟೋ ತಲೆಮಾರಾಯಿತು. ಬಂಡೆಯ ಮೂಡಣ ಮಗ್ಗುಲಲ್ಲಿ ಬಳೆ ತೊಟ್ಟ ತೋಳೊಂದನ್ನು ಕೆತ್ತಿದ್ದಾರೆ, ಇವತ್ತಿಗೂ ಕಾಣುತ್ತದೆ. ಪರವೂರಿನವರು ಗಂಡನ ಚಿತೆಯೇರಿದವಳ ಮಾಸ್ತಿಕಲ್ಲೆಂದು ತಿಳಿದು ಕುಂಕುಮ ಹಚ್ಚಲು ಬರುತ್ತಾರೆ. ಆಗ ಕುರಿಯವರ ಹೆಂಗಸರು ಕೂತಲ್ಲಿಂದಲೇ ಗದರುತ್ತಾರೆ: “ಬೆಂಕಿಗೆ ಹೋದೋಳ ಕೈಯಲ್ಲ ಕಣವ್ವ ಅದು. ಸರಿಯಾಗಿ ನೋಡು, ಸುತ್ತಿಗೆ ಹಿಡಿದೈತೆ.”