ಗೀರಿನ ಮೇಲಿನ ಕಪ್ಪು

ಹೊಳೆದಂಡೆಯ ಆ ಆಶ್ರಮದಲ್ಲಿ ಜಪಕ್ಕಿಂತ ಲೋಹ ಉಜ್ಜುವ ಸದ್ದೇ ಜಾಸ್ತಿ. ಕಾಲು ಕಳೆದುಕೊಂಡವರಿಗೆ ಗುರು ನಿಜಗುಣಯ್ಯನವರು ಹಗುರ ಲೋಹದ ಕಾಲು ಮಾಡಿಕೊಡುತ್ತಿದ್ದರು.

ಎತ್ತಿದರೆ ಭಾರವೇ ಇಲ್ಲದ ಲೋಹ. ಆದರೆ ನೀರು ತಾಗಿದರೆ ಸವೆದುಹೋಗುತ್ತದೆ. ಅದಕ್ಕೇ ಮೇಲೆ ಇಂಗಾಲದ ಕಪ್ಪು ಲೇಪ. ಲೇಪ ಹಚ್ಚಿದ ಕಾಲು ಮೂರು ದಿನ ಉಪ್ಪುನೀರಿನಲ್ಲಿ ಮುಳುಗಿದ್ದು ಪಾಸಾಗದೆ ಹೊರಗೆ ಹೋಗುವಂತಿಲ್ಲ. ಅಲ್ಲಿದ್ದ ಕಟ್ಟುನಿಟ್ಟು ಇದೊಂದೇ.

ಹರಿಗೋಲು ನಡೆಸುವ ಹುಲಿಗೆವ್ವನಿಗೆ ಕಾಲು ಮಾಡಿದವನು ಶಿಷ್ಯ ಮುರಿಗೆಪ್ಪ. ಕೊಡುವ ದಿನ ಬೆಳಿಗ್ಗೆ ಅದು ಅವನ ಕೈಜಾರಿ ಹೊಳೆಯ ಒದ್ದೆ ಕಲ್ಲಿನ ಮೇಲೆ ಬಿತ್ತು. ಕೂದಲೆಳೆಯಷ್ಟು ಗೀರು. ಹುಲಿಗೆವ್ವ ಆಗಲೇ ಬಂದು ಜಗಲಿಯಲ್ಲಿ ಕೂತಿದ್ದಳು. ಇಷ್ಟಕ್ಕೆ ಮತ್ತೆ ಮೂರು ದಿನ ಯಾರು ಕಾಯಿಸುತ್ತಾರೆ ಎಂದುಕೊಂಡ ಪುಣ್ಯಾತ್ಮ, ತೊಳೆಯದೆ ಒರೆಸದೆ ಗೀರಿಗೊಂದಿಷ್ಟು ಕಪ್ಪು ಬಳಿದು ಕೊಟ್ಟೇಬಿಟ್ಟ. ಯಾರಿಗೂ ಹೇಳಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಆ ಕಾಲು ಹೊಳೆಯ ಮೆಟ್ಟಿಲ ಮೇಲೆ ಪಟ್ಟನೆ ಮುರಿಯಿತು. ಬಿದ್ದ ಹುಲಿಗೆವ್ವನ ಬಲಗೈಯೂ ಮುರಿಯಿತು. ಹುಟ್ಟು ಹಾಕುವ ಕೈ ಅದು. ಮೂಳೆ ಕೂಡಿತು, ಆದರೆ ಇನ್ನು ಹರಿಗೋಲು ನಡೆಸುವ ಬಲ ಬರುವುದಿಲ್ಲ ಎಂದರು ಡಾಕ್ಟರು.

ನಿಜಗುಣಯ್ಯನವರು ಮುರಿದ ತುಂಡನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಹೊರಗೆ ಕಪ್ಪು ಇನ್ನೂ ಮಿರಮಿರ ಮಿಂಚುತ್ತಿತ್ತು. ಒಳಗೆ ಬರೀ ಬಿಳಿ ಪುಡಿ.

ಮುರಿಗೆಪ್ಪ ಕಾಲಿಗೆ ಬಿದ್ದು ಎಲ್ಲ ಒಪ್ಪಿಕೊಂಡ. ಅವನಿಗೆ ಒಂದೇ ತಿಳಿಯಲಿಲ್ಲ.

"ಗೀರು ಕಾಣದಂಗ ಬಳದಿದ್ದೆನಲ್ಲರೀ ಅಜ್ಜಾರ?"

"ಹಸಿಯನ್ನೂ ಒಳಗ ಹಾಕಿ ಬಳದಿ. ಹಸಿ ಸಿಕ್ಕರ ಈ ಕಪ್ಪೇ ಲೋಹಾನ ತಿನ್ನತೈತಿ. ಲೇಪ ಇಲ್ಲದ ಬರೀ ಲೋಹಾನೂ ಇಷ್ಟು ಲಗೂ ಹೋಗ್ತಿರಲಿಲ್ಲ."

ಆಮೇಲೆ ನಿಜಗುಣಯ್ಯನವರು, ಆ ದಿನ ತಾನೂ ಕಾಲನ್ನು ನೋಡಲಿಲ್ಲ, ಮುರಿಗೆಪ್ಪನ ಮುಖ ನೋಡಿಯೇ ಒಪ್ಪಿಬಿಟ್ಟೆ ಎಂದರು.

ಅತ್ತ ಹುಲಿಗೆವ್ವ ಕಂಡವರೆದುರು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಪಾಪ, ಆ ಹುಡುಗ ಅಷ್ಟು ಚೆಂದ ಮಾಡಿಕೊಟ್ಟಿದ್ದ, ನಾನೇ ದಿನಾ ಒರೆಸಿ ಇಟ್ಟುಕೊಳ್ಳಲಿಲ್ಲ ಎನ್ನುತ್ತಿದ್ದಳು. ಅದು ಮುರಿಗೆಪ್ಪನ ಕಿವಿಗೂ ಬಿತ್ತು.

ತಿಂಗಳು ಕೂತು ಹೊಸ ಕಾಲು ಮಾಡಿದ. ಮೂರು ಸುತ್ತು ಲೇಪ, ಒಂಬತ್ತು ದಿನ ಉಪ್ಪುನೀರು. ಎಲ್ಲೂ ಒಂದು ಚುಕ್ಕೆ ಏಳಲಿಲ್ಲ. ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಗುರುಗಳ ಮುಂದೆ ನಿಂತ.

"ಇದನ್ನ ಕೊಟ್ಟು ಬರ್ತೀನ್ರೀ ಅಜ್ಜಾರ. ಹಳೇ ಕಾಲಿನ ಸಂಗತಿ ಆಕಿಗೆ ಗೊತ್ತಿಲ್ಲ. ಈಗ ಯಾಕ ಹೇಳೂದು?"

ನಿಜಗುಣಯ್ಯನವರು ಹೊಸ ಕಾಲನ್ನು ಬಿಚ್ಚಿ ನೋಡಲೂ ಇಲ್ಲ. ಮುರಿದ ತುಂಡನ್ನು ತಂದು ಅದರ ಮೇಲಿಟ್ಟರು.

"ಮತ್ತ ಗೀರಿನ ಮ್ಯಾಲೇ ಬಳೀತೀ ಏನು, ತಮ್ಮಾ?"