ಬಿಳಿಕಲ್ಲು ದುರ್ಗದ ಕೆಂಪು ನೀರು

ಬಿಳಿಕಲ್ಲು ದುರ್ಗದ ಬೀದಿಬೀದಿಯಲ್ಲೂ ಡಂಗುರ ಸಾರಿದರು. "ಬೊಮ್ಮರಸ ಮಹಾರಾಜರ ಅಪ್ಪಣೆ. ಕುಮಾರಿ ಹೊನ್ನಾಂಬೆ ಮೂರು ಒಗಟು ಹಾಕುತ್ತಾಳೆ. ಮೂರನ್ನೂ ಒಡೆದವನಿಗೆ ಕುಮಾರಿಯ ಕೈ, ಜೊತೆಗೆ ಅರ್ಧ ರಾಜ್ಯ. ತಪ್ಪು ಹೇಳಿದವನ ತಲೆ ಹುಣ್ಣಿಮೆಯ ದಿನ ಕೋಟೆ ಬಾಗಿಲಿಗೆ."

ಅಗಸರ ಮಾಚನಿಗೆ ಕುಮಾರಿಯೂ ಬೇಕಿರಲಿಲ್ಲ, ರಾಜ್ಯವೂ ಬೇಕಿರಲಿಲ್ಲ. ಅವನ ತಾಯಿ ದೇವೀರಿ ಅರಮನೆಯ ಸೆರೆಯಲ್ಲಿದ್ದಳು. ಅವಳು ರಾಜರ ಬಿಳಿ ಪಟ್ಟೆಪಂಚೆಯನ್ನು ಅರಮನೆಯ ಬಾವಿಕಟ್ಟೆಯಲ್ಲಿ ಒಗೆದು ಒಣಗಿಸಿದ ಮೇಲೆ ಕೆಂಪು ಕಲೆಯಾಗಿತ್ತು. ಮಾಟ ಮಾಡಿದ್ದಾಳೆಂದು ಹಿಡಿದು ಕೂಡಿಸಿದ್ದರು. ಅವಳ ತಲೆಗೂ ಅದೇ ಹುಣ್ಣಿಮೆ ನಿಗದಿಯಾಗಿತ್ತು. ಅಗಸರವನು ರಾಜರ ಎದುರು ನಿಂತು ಬಾಯಿ ಬಿಡಬೇಕಾದರೆ ಈ ಒಗಟೊಂದೇ ದಾರಿ ಎಂದುಕೊಂಡು ಮಾಚ ಮಾಸಿದ ರುಮಾಲು ಸುತ್ತಿ ಹೊರಟ.

ಒಡ್ಡೋಲಗದಲ್ಲಿ ಅವನಿಗಿಂತ ಮೊದಲು ಮೂವರು ನಿಂತಿದ್ದರು. ನೆರೆನಾಡಿನ ರಾಜಕುಮಾರ, ಮುತ್ತಿನ ವ್ಯಾಪಾರಿ, ಶಾಲು ಹೊದ್ದ ಒಬ್ಬ ಪಂಡಿತ. ಮಾಚ ಕಂಬದ ಪಕ್ಕ ಸರಿದು ನಿಂತ. ಕುಮಾರಿ ಹೊರಗೆ ಬಂದಳು. ಅವಳ ಕೂದಲು ತೆಂಗಿನ ನಾರಿನ ಹಾಗೆ ಸೆಟೆದುಕೊಂಡಿತ್ತು. ಪಾಪ, ಬಾಚಣಿಗೆ ಮುರಿದಿರಬೇಕು ಎಂದುಕೊಂಡ ಮಾಚ.

"ಕತ್ತಲ ಮನೆಯಲ್ಲಿರುವಾಗ ಮೈ ತಿಳಿ," ಎಂದಳು ಹೊನ್ನಾಂಬೆ. "ಹೊರಗೆ ಬಂದು ಗಾಳಿ ಸೋಕಿದರೆ ಅರ್ಧ ದಿನದಲ್ಲಿ ಕೆಂಪು. ತಾನು ಮಾಡಿದ ತಪ್ಪಿನ ಗುರುತನ್ನು ಇನ್ನೊಬ್ಬರ ಮೈಮೇಲೆ ಬಿಡುತ್ತದೆ. ಏನದು?"

ರಾಜಕುಮಾರ ಮೀಸೆ ತಿರುವಿದ. "ಅಂತಃಪುರದ ಹೊಸ ಮದುವಣಗಿತ್ತಿ. ಗಾಳಿ ಸೋಕಿದರೂ ನಾಚಿ ಕೆಂಪಾಗುತ್ತಾಳೆ."

"ಅರ್ಧ ದಿನ ಬೇಕೇ ನಾಚೋದಕ್ಕೆ?" ಎಂದಳು ಕುಮಾರಿ. ತಳವಾರ ರಾಜಕುಮಾರನ ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ದ. ವ್ಯಾಪಾರಿ ಅದು ವೀಳ್ಯದೆಲೆ ಎಂದ. ಅವನೂ ಅದೇ ದಾರಿ ಹಿಡಿದ. ಪಂಡಿತ ಕೆಮ್ಮಿ, ತಾನು ಮುಂದಿನ ಒಗಟಿಗೆ ಬರುವೆನೆಂದು ಹಿಂದೆ ಸರಿದ.

ಮಾಚ ಕೈ ಮುಗಿದ. "ಕಬ್ಬಿಣ ಬೆರೆತ ಬಾವಿ ನೀರು ಬುದ್ಧಿ. ಸೇದಿದಾಗ ತಿಳಿಯಾಗೇ ಇರ್ತದೆ. ಹಂಗೇ ಇಟ್ಟರೆ ಸಂಜೆಗೆ ತುಕ್ಕು ಕಾಣ್ತದೆ. ಆ ನೀರಲ್ಲಿ ಅದ್ದಿದ ಬಿಳಿ ಪಂಚೆ ಗಾಳಿಗೆ ಒಣಗ್ತಾ ಕೆಂಪಾಗ್ತದೆ. ನಮ್ಮವ್ವ ಮಾಟ ಮಾಡೋಳಲ್ಲ. ಮಾಟಕ್ಕೆ ಬೇಕಾದ ನಿಂಬೆಹಣ್ಣು ತರೋಕೂ ನಮ್ಮ ಹತ್ರ ದುಡ್ಡಿಲ್ಲ."

ಕುಮಾರಿ ಪಕ್ಕದಲ್ಲಿದ್ದ ಗಿಂಡಿಯ ಮುಚ್ಚಳ ತೆಗೆದಳು. ಮುಂಜಾನೆ ತುಂಬಿಟ್ಟ ನೀರು ಇಟ್ಟಿಗೆ ಪುಡಿ ಕಲಸಿದ ಹಾಗೆ ಕೆಂಪಾಗಿತ್ತು. ರಾಜರು ಬಗ್ಗಿ ನೋಡಿ ಮತ್ತೆ ನೆಟ್ಟಗೆ ಕೂತರು.

"ಎರಡನೆಯದು. ನೀರಿನಲ್ಲಿ ಹುಟ್ಟುತ್ತದೆ, ನೀರಿನಲ್ಲಿ ಕಾಣುವುದಿಲ್ಲ. ಬೆಂಕಿ ಕಂಡರೆ ಕಲ್ಲಾಗುತ್ತದೆ. ಸುತ್ತಿಗೆಗೆ ಹೆದರದ ಆ ಕಲ್ಲು ಹುಣಸೆಹುಳಿಗೆ ಹೆದರುತ್ತದೆ."

ಪಂಡಿತ ಮುಂದೆ ನುಗ್ಗಿದ. "ಮಾಯೆ," ಎಂದು ಶುರುಮಾಡಿ, ಹುಣಸೆಹುಳಿ ವೈರಾಗ್ಯದ ಸಂಕೇತ ಎಂಬಲ್ಲಿಗೆ ಬರುವಷ್ಟರಲ್ಲಿ ತಳವಾರ ಎರಡು ಸಲ ಆಕಳಿಸಿದ. ಕುಮಾರಿ ಅಲ್ಲವೆಂದು ತಲೆ ಅಲ್ಲಾಡಿಸಿದಳು.

"ಹಂಡೆಯೊಳಗೆ ಕಟ್ಟೋ ಸುಣ್ಣದ ಹಕ್ಕಳೆ ಅಮ್ಮಣ್ಣಿ," ಎಂದ ಮಾಚ. "ನಮ್ಮದು ಬಿಳಿಕಲ್ಲಿನ ನೆಲ, ನೀರು ಗಡಸು. ಕಾಯಿಸಿದರೆ ಸುಣ್ಣ ಹಂಡೆಗೆ ಕಚ್ತದೆ. ಹುಣಸೆ ಹಾಕಿ ತಿಕ್ಕಿದರೆ ಬಿಡ್ತದೆ. ಈ ನೀರಿಗೆ ಬೇಳೆ ಬೇಯಲ್ಲ, ಸೀಗೆಕಾಯಿ ನೊರೆ ಕೊಡಲ್ಲ. ಕಾಯಿಸಿ ಆರಿಸಿ, ಮೇಲಿನ ತಿಳಿ ಬಸಿದು ತಲೆಗೆ ಹಾಕ್ಕೊಂಡರೆ ಕೂದಲು ಮೆತ್ತಗಾಗ್ತದೆ." ಆಡಿದ ಮೇಲೆ ಅವನ ಕಿವಿ ಬಿಸಿಯಾಯಿತು. ಹೊನ್ನಾಂಬೆ ಜಡೆ ಮುಟ್ಟಿಕೊಂಡು ನಕ್ಕಳು.

ಉಳಿದದ್ದು ಒಂದೇ. ಕುಮಾರಿ ಅದನ್ನೂ ಹಾಕಿದಳು.

"ಒಬ್ಬ ಆಳು. ಊರವರ ಕೊಳೆ ಹೊತ್ತು ಹೊತ್ತು ಅವನಿಗೇ ಉಸಿರು ಕಟ್ಟುತ್ತದೆ. ಬೈದರೆ ಸರಿಹೋಗುವವನಲ್ಲ, ಹೊಡೆದರೂ ಇಲ್ಲ. ಬಂದ ದಾರಿಯಲ್ಲೇ ಹಿಂದಕ್ಕೆ ನಡೆಸಿದರೆ ಮತ್ತೆ ಹೊಸಬನಾಗುತ್ತಾನೆ."

ಊರವರ ಕೊಳೆ ಹೊರುವವನು ಅಗಸನಲ್ಲದೆ ಇನ್ಯಾರು? 'ನಾನೇ' ಎಂಬ ಮಾತು ಮಾಚನ ನಾಲಗೆಯ ತುದಿಗೆ ಬಂದೇ ಬಿಟ್ಟಿತು. ತಳವಾರ ಆಗಲೇ ಒಂದು ಹೆಜ್ಜೆ ಮುಂದಿಟ್ಟಿದ್ದ. ಆದರೆ ಮಾಚ ಹೊಳೆಯಿಂದ ದಿನವೂ ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯುತ್ತಿದ್ದ. ಒಂದು ದಿನವೂ ಹೊಸಬನಾಗಿರಲಿಲ್ಲ, ಬೆನ್ನು ಮಾತ್ರ ಇನ್ನಷ್ಟು ಬಾಗಿತ್ತು. ಅವನು ಬಾಯಿ ಮುಚ್ಚಿಕೊಂಡ. ಅರಮನೆಯ ಬಾವಿಯ ಪಕ್ಕದ ಮರಳ ತೊಟ್ಟಿಯ ನೀರು ಈಚೆಗೆ ದಾರದೆಳೆಯಷ್ಟು ಬರುತ್ತಿದೆ ಎಂದು ಅವ್ವ ಗೊಣಗಿದ್ದು ಆಗ ಅವನ ತಲೆಗೆ ಬಂತು.

"ನೀರು ಸೋಸೋ ಮರಳು," ಎಂದ. "ಕೊಳೆ ತಡೆದೂ ತಡೆದೂ ಕಟ್ಟಿಕೊಂಡದೆ. ನೀರು ಇಳಿಯಲ್ಲ ಅಂತ ಆಳುಗಳು ಸೋಸದ ನೀರನ್ನೇ ಅರಮನೆಯೊಳಕ್ಕೆ ಹೊರ್ತಿದ್ದಾರೆ. ಅಪ್ಪಣೆಯಾದರೆ ತೋರಿಸ್ತೀನಿ."

ಓಲಗವೆಲ್ಲ ಬಾವಿಕಟ್ಟೆಗೆ ನಡೆಯಿತು. ಮಾಚ ಎತ್ತರದಲ್ಲಿದ್ದ ನೀರಿನ ತೊಟ್ಟಿಯಿಂದ ಬಿದಿರು ಕೊಳವೆ ಇಳಿಸಿ, ಮರಳ ತೊಟ್ಟಿಯಿಂದ ನೀರು ಹೊರಬರುವ ತಳದ ಕಿಂಡಿಯೊಳಕ್ಕೇ ನೀರು ನುಗ್ಗಿಸಿದ. ಮೊದಲು ಏನೂ ಆಗಲಿಲ್ಲ. ಆಮೇಲೆ ಮರಳು ಕೊತಕೊತ ಕುದಿದ ಹಾಗೆ ಎದ್ದು, ಕೆಂಪು ಕೆಸರು ಅಂಚು ದಾಟಿ ಉಕ್ಕಿತು. ಎಲ್ಲರಿಗಿಂತ ಮುಂದೆ ನಿಂತಿದ್ದ ಪಂಡಿತನ ಶಾಲಿಗೆ ಬಿದ್ದದ್ದೇ ಹೆಚ್ಚು. ಕೆಸರು ತಿಳಿಯಾದ ಮೇಲೆ ಮಾಚ ಬಾವಿ ನೀರನ್ನು ಅಗಲ ಬಾನಿಯಲ್ಲಿ ರಾತ್ರಿಯೆಲ್ಲ ಗಾಳಿಗಿಟ್ಟು, ಬೆಳಿಗ್ಗೆ ತುಕ್ಕು ತಳ ಸೇರಿದ ಮೇಲೆ ಮರಳಿಗೆ ಹೊಯ್ದ. ಕಿಂಡಿಯಿಂದ ಹೆಬ್ಬೆರಳಷ್ಟು ದಪ್ಪ ಧಾರೆ ಬಿತ್ತು. ಸಂಜೆಯವರೆಗೆ ಕಾದರೂ ಆ ನೀರು ಕೆಂಪಾಗಲಿಲ್ಲ.

"ನಿನಗೆ ಇದೆಲ್ಲ ಗೊತ್ತಿತ್ತೇನಮ್ಮ?" ರಾಜರು ಮಗಳನ್ನು ಕೇಳಿದರು.

"ಆರು ತಿಂಗಳಿಂದ ಹೇಳುತ್ತಿದ್ದೇನೆ ಅಪ್ಪಾಜಿ. ಕುಮಾರಿಯಾದವಳು ಬಾವಿಕಟ್ಟೆಯ ಮಾತಾಡಬಾರದು ಅಂದಿರಿ. ಒಗಟು ಹಾಕಬಹುದು ಅಂದಿರಿ."

ರಾಜರು ಗಂಟಲು ಸರಿಮಾಡಿಕೊಂಡು ದೇವೀರಿಯನ್ನು ಬಿಡಿಸಲು ಹೇಳಿದರು. ಮಾಚ ಉಳಿದ ಮೂವರಿಗಾಗಿಯೂ ಕೈ ಮುಗಿದ. "ಅವರು ದಡ್ಡರಲ್ಲ ಬುದ್ಧಿ, ನೀರು ಸೇದಿ ಗೊತ್ತಿಲ್ಲ ಅಷ್ಟೆ." ಮೂವರ ತಲೆಯೂ ಉಳಿಯಿತು.

ಸೆರೆಯಿಂದ ಬಂದ ದೇವೀರಿಗೆ ಮಗನ ಮದುವೆ, ಅರ್ಧ ರಾಜ್ಯ ಎಲ್ಲವನ್ನೂ ವಿವರಿಸಿದರು. ಅವಳು ಕುಮಾರಿಯ ಕೈ ಹಿಡಿದು ಮುಖ ನೋಡಿದಳು. ಮಗನ ಮುಖವನ್ನೂ ನೋಡಿದಳು; ಅದು ಬೇಡ ಎನ್ನುವವನ ಮುಖವಾಗಿರಲಿಲ್ಲ.

"ಹುಡುಗಿ ಬಲು ಚೆನ್ನಾಗವಳೆ, ಒಪ್ಪಿದೀನಿ," ಎಂದಳು. ಆಮೇಲೆ ರಾಜರ ಕಡೆ ತಿರುಗಿ ಸೆರಗು ಸರಿಮಾಡಿಕೊಂಡು, "ಅರ್ಧ ರಾಜ್ಯ ಅಂದ್ರಲ್ಲ ಬುದ್ಧಿ, ಹೊಳೆ ಯಾವ ಅರ್ಧಕ್ಕೆ ಬರ್ತದೆ?" ಎಂದು ಕೇಳಿದಳು.